ಕಡಲಿನ ಕಟ್ಟಳೆ

ನಮ್ಮ ಪ್ರಾಚೀನ ಲಾಕ್ಷಣಿಕರು ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದೆಂಬುದನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಲ್ಲರು. ಕಡಲನ್ನು ಕಣ್ಣಾರೆ ಕಂಡಿರಲಿ, ಕಾಣದಿರಲಿ, ಕವಿಯಾದವನು ಅದನ್ನು ಬಣ್ಣಿಸದೆ ಮುಂದುವರಿಯುವಂತಿರಲಿಲ್ಲ. ರತ್ನಾಕರ, ಮಕರಾಲಯ, ಬಡಬಾಗ್ನಿಯ ನೆಲೆ, ಚಂದ್ರೋದಯಕ್ಕೆ ಉಕ್ಕುವ ಜಲರಾಶಿ—ಹೀಗೆ ಸಿದ್ಧವಾಗಿದ್ದ ಸಾಮಗ್ರಿಯಿಂದ ಕೆಲವು ಪದ್ಯಗಳನ್ನು ರಚಿಸಿ ಅವನು ಪುರವರ್ಣನೆಗೆ ಇಳಿಯುತ್ತಿದ್ದ. ಕೆಲವು ತಿಂಗಳ ಹಿಂದೆ ತರಗತಿಯಲ್ಲಿ ಇಂಥದೊಂದು ವರ್ಣನೆಯನ್ನು ವಿವರಿಸುತ್ತಿದ್ದಾಗ, ಕುಂದಾಪುರದ ಕಡೆಯ ಮೀನುಗಾರ ಮನೆತನದ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಸರ್, ಈ ಕವಿಯ ಸಮುದ್ರದಲ್ಲಿ ಬಂಗುಡೆ ಇಲ್ಲವೇ?" ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಪ್ರಶ್ನೆ ನಗುವಿನೊಡನೆ ಮುಗಿಯುವಂಥದಾಗಿರಲಿಲ್ಲ. ತಿಮಿ ತಿಮಿಂಗಿಲಗಳಿಗೆ ಕಾವ್ಯದಲ್ಲಿ ಸ್ಥಾನವಿತ್ತು. ಬಂಗುಡೆಗೂ ಅದನ್ನು ಹಿಡಿದು ಬದುಕುವವನಿಗೂ ಇರಲಿಲ್ಲ. 1941ರಲ್ಲಿ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಪ್ರಕಟವಾದ ಮೇಲೆಯೇ ಕಡಲ ಬದಿಯ ಮರಳೂ ಉಪ್ಪುನೀರೂ ದುಡಿಯುವವರ ನೆಲೆಯಾಗಿ ನಮ್ಮ ಸಾಹಿತ್ಯವನ್ನು ಪ್ರವೇಶಿಸಿದುವೆಂದರೆ ಹೆಚ್ಚು ತಪ್ಪಾಗಲಾರದು.

ಈ ಮರೆವು ಕಾವ್ಯಕ್ಕಷ್ಟೇ ಸೀಮಿತವಾಗಿದ್ದರೆ ಇಲ್ಲಿ ಅದನ್ನು ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ಉತ್ತರದಲ್ಲಿ ಮಾಜಾಳಿಯಿಂದ ದಕ್ಷಿಣದಲ್ಲಿ ತಲಪಾಡಿಯವರೆಗೆ ಮೂರು ಜಿಲ್ಲೆಗಳಲ್ಲಿ ಹಬ್ಬಿರುವ, ಮುನ್ನೂರು ಕಿಲೋಮೀಟರಿಗೂ ಮಿಕ್ಕ ನಮ್ಮ ಕರಾವಳಿಯನ್ನು ಇಂದು ಆಳುತ್ತಿರುವ ದೃಷ್ಟಿಯೂ ಹೆಚ್ಚು ಕಡಮೆ ಆ ಕವಿಗಳದೇ. ಬಂದರು ಕಟ್ಟುವವನಿಗೆ ಅದು ಆಳವಾದ ನೀರು, ಪ್ರವಾಸೋದ್ಯಮದವನಿಗೆ ಸೂರ್ಯಾಸ್ತ, ದೊಡ್ಡ ಬೋಟಿನ ಮಾಲೀಕನಿಗೆ ಎಷ್ಟು ತೆಗೆದರೂ ಕೇಳುವವರಿಲ್ಲದ ಕಣಜ. ಆ ನೀರಿಗೂ ಒಂದು ಕಟ್ಟಳೆಯಿತ್ತು, ಅದನ್ನು ಮಾಡಿದವರು ದಡದ ಮೇಲೆ ವಾಸಿಸುವ ಜನ ಎಂಬುದನ್ನು ನೆನೆಯುವವರು ವಿರಳ. ಆ ಕಟ್ಟಳೆ ಹೇಗಿತ್ತು, ಏಕೆ ಮುರಿಯಿತು, ಅದರ ಸ್ಥಾನದಲ್ಲಿ ಬಂದ ಕಾನೂನು ಏಕೆ ಅರ್ಧ ಮಾತ್ರ ನಡೆಯುತ್ತಿದೆ ಎಂಬುದನ್ನು ವಾಚಕರೊಡನೆ ಸ್ವಲ್ಪ ವಿಚಾರ ಮಾಡಬೇಕೆಂದು ಈ ಬರಹ.

ಇಂದಿನ ತರುಣರಲ್ಲಿ ಎಷ್ಟು ಮಂದಿ ರಂಪಣಿಯ ಹೆಸರನ್ನು ಕೇಳಿದ್ದಾರೋ ತಿಳಿಯದು. ಅದೊಂದು ಬೃಹತ್ತಾದ ದಡಬಲೆ. ಒಂದು ಮನೆಯವರು ಹೊಂದಿರಬಹುದಾದ ವಸ್ತುವೇ ಅಲ್ಲ. ಹತ್ತಾರು ಮನೆಗಳವರು ತಮ್ಮ ತಮ್ಮ ಪಾಲಿನ ಬಲೆಯ ತುಂಡುಗಳನ್ನು ತಂದು ಒಂದಕ್ಕೊಂದು ಹೆಣೆದಾಗ ಮಾತ್ರ ರಂಪಣಿಯಾಗುತ್ತಿತ್ತು. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಬಂಗುಡೆ, ಬೂತಾಯಿಗಳ ಹಿಂಡು ದಡದ ಸಮೀಪಕ್ಕೆ ಬರುತ್ತಿದ್ದುವು. ನೀರಿನ ಬಣ್ಣ ಬದಲಾದುದನ್ನೂ ಹಕ್ಕಿಗಳು ಎರಗುವುದನ್ನೂ ಕಂಡು ಹಿಂಡನ್ನು ಗುರುತಿಸಬಲ್ಲ ಅನುಭವಿಗಳು ದಡದಿಂದಲೇ ಸೂಚನೆ ಕೊಡುತ್ತಿದ್ದರು. ದೋಣಿ ಬಲೆಯನ್ನು ಹೊತ್ತು ಅರ್ಧಚಂದ್ರಾಕಾರವಾಗಿ ಸುತ್ತಿ ಬರುತ್ತಿತ್ತು. ಆಮೇಲೆ ಬಲೆಯ ಎರಡು ತುದಿಗಳನ್ನೂ ಹಿಡಿದು ಊರಿಗೆ ಊರೇ ಎಳೆಯಬೇಕು. ಮೀನು ವಿಶೇಷವಾಗಿ ಬಿದ್ದ ದಿನ ಎಲ್ಲವನ್ನೂ ಒಮ್ಮೆಗೇ ದಡಕ್ಕೆ ಎಳೆಯದೆ, ಬಲೆಯೊಳಗೆ ನೀರಿನಲ್ಲಿಯೇ ಜೀವಂತವಾಗಿಟ್ಟುಕೊಂಡು, ಹೊತ್ತೊಯ್ಯುವವರೂ ಕೊಳ್ಳುವವರೂ ಒದಗಿದ ಹಾಗೆ ಸ್ವಲ್ಪ ಸ್ವಲ್ಪವೇ ತೆಗೆಯುವ ಪದ್ಧತಿಯೂ ಇತ್ತು. ಶೀತಲೀಕರಣದ ಯಂತ್ರಗಳಿಲ್ಲದ ಕಾಲದಲ್ಲಿ ಕಡಲನ್ನೇ ಉಗ್ರಾಣವಾಗಿ ಮಾಡಿಕೊಂಡ ಆ ಯುಕ್ತಿಗೆ ಇಂದಿಗೂ ತಲೆದೂಗಬೇಕೆನಿಸುತ್ತದೆ.

ಬಂದುದನ್ನು ಹಂಚಿಕೊಳ್ಳುವುದಕ್ಕೆ ಕ್ರಮವಿತ್ತು. ಬಲೆಗಿಷ್ಟು, ದೋಣಿಗಿಷ್ಟು, ಎಳೆದ ತೋಳಿಗಿಷ್ಟು, ದೈವದ ಸ್ಥಾನಕ್ಕಿಷ್ಟು. ಯಾರ ಬಲೆ ಎಲ್ಲಿ ಬೀಳಬೇಕು, ಒಂದೇ ಹಿಂಡಿನ ಮೇಲೆ ಎರಡು ಊರವರ ಕಣ್ಣು ಬಿದ್ದರೆ ಯಾರ ಸರದಿ ಮೊದಲು ಎಂಬ ವ್ಯಾಜ್ಯಗಳನ್ನು ತೀರ್ಮಾನಿಸಲು ಮೊಗವೀರರ ಪಟ್ಣಗಳಲ್ಲಿ ಗುರಿಕಾರನಿದ್ದ, ಸಭೆಯಿತ್ತು. ಬೊಬ್ಬರ್ಯನ ಎದುರು ಆಡಿದ ಮಾತಿಗೆ ನ್ಯಾಯಾಲಯದ ಪ್ರಮಾಣಕ್ಕಿಂತ ಹೆಚ್ಚಿನ ತೂಕವಿತ್ತು. ನೆರೆಯ ಕಾಸರಗೋಡಿನ ಕಡೆಯ ಮೀನುಗಾರರಲ್ಲಿ 'ಕಡಕ್ಕೋಡಿ' ಎಂಬ ಹೆಸರಿನ ಕಡಲ ನ್ಯಾಯಸಭೆಗಳೇ ನಡೆಯುತ್ತಿದ್ದುವು. ಮಳೆಗಾಲದ ಉಗ್ರ ಕಡಲು ಶಾಂತವಾಗುವ ಶ್ರಾವಣದಲ್ಲಿ, ನೂಲ ಹುಣ್ಣಿಮೆಯ ಸುಮಾರಿಗೆ, ಹಾಲೆರೆದು ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡಿದ ಮೇಲೆಯೇ ದೋಣಿಗಳು ನೀರಿಗಿಳಿಯತಕ್ಕದ್ದೆಂಬ ನಿಯಮವನ್ನು ಯಾವ ಇಲಾಖೆಯೂ ಹೊರಡಿಸಿದ್ದಲ್ಲ.

ಇಷ್ಟು ಹೇಳಿದಾಗ, ಹಳೆಯದೆಲ್ಲ ಸತ್ಯಯುಗವೆಂದು ಸಾರುವ ಸುಲಭವಾದ ಭಾವುಕತೆಗೆ ಜಾರುವ ಅಪಾಯವುಂಟು. ರಂಪಣಿಯ ಕಾಲದಲ್ಲಿಯೂ ಬೂತಾಯಿ ಅತಿಯಾಗಿ ಬಂದ ವರ್ಷ ತಿಂದು ಮುಗಿಯದೆ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಸಭೆಗಳು ಜಾತಿಯ ಸಭೆಗಳೇ. ಅಲ್ಲಿ ತೀರ್ಪು ಕೊಡುವವರು ಗಂಡಸರೇ. ದಡಕ್ಕೆ ಬಂದ ಮೀನನ್ನು ಬುಟ್ಟಿಯಲ್ಲಿ ಹೊತ್ತು ಹತ್ತು ಹನ್ನೆರಡು ಮೈಲಿ ನಡೆದು ಮಾರಿ ಮನೆ ನಡೆಸಿದ ಹೆಂಗಸಿಗೆ ಅಲ್ಲಿ ಆಸನವಿರಲಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಹಳಬರ ಮಿತಿ ಪೂರ್ತಿಯಾಗಿ ಅವರ ವಿವೇಕದ ಫಲವಾಗಿರಲಿಲ್ಲ; ಬಹುಪಾಲು ಅದು ಅವರ ಉಪಕರಣದಲ್ಲಿಯೇ ಅಡಗಿತ್ತು. ರಂಪಣಿಗೆ ಸಿಕ್ಕುತ್ತಿದ್ದುದು ತಾನಾಗಿ ದಡಕ್ಕೆ ಬಂದ ಮೀನು. ಬಾರದ ಮೀನನ್ನು ಬೆನ್ನಟ್ಟಿ ಹೋಗುವ ಶಕ್ತಿ ಅದಕ್ಕಿರಲಿಲ್ಲ. ಹೋಗಿದ್ದರೆ ಅವರೂ ಬಿಡುತ್ತಿದ್ದರೆಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ.

ಬೆನ್ನಟ್ಟುವ ಶಕ್ತಿ ಬಂದದ್ದು ಯಂತ್ರದೊಡನೆ. 1952ರಲ್ಲಿ ಆರಂಭವಾದ ನಾರ್ವೆ ದೇಶದ ಸಹಕಾರದ ಯೋಜನೆ ಕೇರಳದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ದಾರಿ ತೆರೆಯಿತು. ಕಾಲಾನುಕ್ರಮದಲ್ಲಿ ನಮ್ಮ ಕರಾವಳಿಗೂ ಟ್ರಾಲ್ ಬೋಟುಗಳು ಬಂದುವು. ಸಿಗಡಿಗೆ ಹೊರದೇಶಗಳಲ್ಲಿ ದೊರೆತ ಬೆಲೆ ಅವುಗಳಿಗೆ ಬೆನ್ನೆಲುಬಾಯಿತು. ಆದರೆ ರಂಪಣಿಗೆ ಪ್ರಾಣಾಂತಿಕವಾದದ್ದು 1970ರ ದಶಕದ ನಡುವಿನಲ್ಲಿ ಇಳಿದ ಪರ್ಸೀನ್ ಬೋಟು. ಹಿಂಡನ್ನು ದಡಕ್ಕೆ ಬರುವ ಮುನ್ನವೇ ನಡುನೀರಿನಲ್ಲಿ ಸುತ್ತುವರಿದು, ಚೀಲದ ಬಾಯಿಗೆ ದಾರ ಬಿಗಿಯುವಂತೆ ಬಲೆಯ ಅಡಿಯನ್ನು ಬಿಗಿದು ಎತ್ತಿಬಿಡುವ ಬಲೆ ಅದು. ಕೆಲವೇ ವರ್ಷಗಳಲ್ಲಿ ರಂಪಣಿ ಕರಾವಳಿಯಿಂದ ಬಹುಮಟ್ಟಿಗೆ ಮರೆಯಾಯಿತು. ಈಗ ಅಲ್ಲಲ್ಲಿ ಉಳಿದಿರುವುದು ಅದರ ಕಿರಿಯ ರೂಪವಾದ ಕೈರಂಪಣಿ. ಪಾಲುದಾರರಾಗಿದ್ದವರಲ್ಲಿ ಕೆಲವರು ತಾವೇ ಕೂಡಿ ಬೋಟು ಕೊಂಡರು. ಹಲವರು ಇತರರ ಬೋಟಿನ ಕೂಲಿಗಳಾದರು. ಮೀನು ಊರಿನ ದಡಕ್ಕೆ ಬರುವ ಬದಲು ದೂರದ ಬಂದರಿಗೆ ಹೋಗತೊಡಗಿದಾಗ ಬುಟ್ಟಿಯ ಹೆಂಗಸೂ ಬಸ್ಸು ಹತ್ತಿ ಬಂದರಿನ ಹರಾಜಿಗೆ ಹೋಗಬೇಕಾಯಿತು. ಬಲೆಯೊಂದು ಹೋದಾಗ ಅದರ ಜೊತೆಗೆ ಸರದಿ, ಪಾಲು, ಸಭೆ ಎಲ್ಲವೂ ಸಡಿಲವಾದುವು. ದಡದಲ್ಲಿ ನಡೆಯದ ಕೆಲಸಕ್ಕೆ ದಡದವರು ಕಟ್ಟಳೆ ಹಾಕುವುದಾದರೂ ಹೇಗೆ?

ಇದಕ್ಕೆ ಪ್ರತಿಯಾಗಿ ಸರಕಾರ ಸುಮ್ಮನಿರಲಿಲ್ಲ. ಕೇರಳ 1980ರಲ್ಲಿಯೂ ಕರ್ನಾಟಕ 1986ರಲ್ಲಿಯೂ ಕಡಲ ಮೀನುಗಾರಿಕೆಯ ನಿಯಂತ್ರಣಕ್ಕೆ ಕಾಯಿದೆಗಳನ್ನು ಮಾಡಿದುವು. ದಡಕ್ಕೆ ಹತ್ತಿರದ ನೀರನ್ನು ಸಣ್ಣ ದೋಣಿಗಳಿಗೆ ಬಿಡಿಸಿಕೊಡುವುದು ಅವುಗಳ ಒಂದು ಉದ್ದೇಶ. ಇಂದು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷಿದ್ಧ. ನಮ್ಮಲ್ಲಿ ಸಣ್ಣ ಮೋಟಾರಿನ ನಾಡದೋಣಿಗಳಿಗೆ ವಿನಾಯಿತಿಯುಂಟು. ಪ್ರಖರವಾದ ದೀಪಗಳನ್ನು ಉರಿಸಿ ಮೀನನ್ನು ಆಕರ್ಷಿಸಿ ಹಿಡಿಯುವುದನ್ನೂ, ಎರಡು ಬೋಟುಗಳು ಒಂದೇ ಬಲೆಯನ್ನು ಎಳೆದು ತಳವನ್ನು ಗುಡಿಸುವ ಬುಲ್ ಟ್ರಾಲನ್ನೂ ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು.

ಈ ಎರಡು ನಿಷೇಧಗಳ ಗತಿಯನ್ನು ಹೋಲಿಸಿ ನೋಡುವುದು ಉಚಿತವಾದೀತು. ಮಳೆಗಾಲದ ನಿಷೇಧ ಬಹುಮಟ್ಟಿಗೆ ನಡೆಯುತ್ತಿದೆ. ಜೂನ್ ತಿಂಗಳಲ್ಲಿ ಮಲ್ಪೆಗೋ ಗಂಗೊಳ್ಳಿಗೋ ಹೋದವರು ದಕ್ಕೆಗಳಲ್ಲಿ ಸಾಲುಸಾಲಾಗಿ ಬೋಟುಗಳು ಕಟ್ಟಿಕೊಂಡು ನಿಂತಿರುವುದನ್ನು ಕಾಣಬಹುದು. ದೀಪದ ನಿಷೇಧವಾದರೋ ಕಾಗದದ ಮೇಲಿದೆ. ನಾಡದೋಣಿಯವರು ಅದರ ಉಲ್ಲಂಘನೆಯನ್ನು ಕುರಿತು ಮನವಿ ಕೊಡುತ್ತಲೂ ಮೆರವಣಿಗೆ ನಡೆಸುತ್ತಲೂ ಇದ್ದಾರೆ. ರಾತ್ರಿಯ ಕಡಲಿನಲ್ಲಿ ಬೆಳಕು ಮಾತ್ರ ಆರಿಲ್ಲ. ಎರಡೂ ಸರಕಾರದ ಆಜ್ಞೆಗಳೇ, ಎರಡಕ್ಕೂ ದಂಡವುಂಟು. ಹೀಗಿದ್ದೂ ಒಂದು ನಡೆದು ಇನ್ನೊಂದು ನಡೆಯದಿರುವುದಕ್ಕೆ ಕಾರಣವೇನು? ನನಗೆ ತೋರುವುದಿಷ್ಟು. ಮಳೆಗಾಲದಲ್ಲಿ ಕಡಲಿಗೆ ಇಳಿಯಬಾರದೆಂಬುದು ಕಾಯಿದೆ ಹುಟ್ಟುವ ಮೊದಲೇ ಜನರ ಮನಸ್ಸಿನಲ್ಲಿದ್ದ ಕಟ್ಟಳೆ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ ಅದೆಂಬುದು ವಿಜ್ಞಾನಿ ಹೇಳುವುದಕ್ಕೆ ಮುಂಚೆಯೇ, ಮೀನನ್ನು ಕೊಯ್ಯುವ ಹೆಂಗಸಿಗೆ ಗೊತ್ತಿತ್ತು. ಅಲ್ಲದೆ ಬೋಟು ಹೊರಟರೆ ಊರಿಗೆಲ್ಲ ಕಾಣುತ್ತದೆ, ಆಡಿಕೊಳ್ಳುತ್ತಾರೆ, ತಡೆಯುತ್ತಾರೆ. ದೀಪದ ಬೇಟೆ ನಡೆಯುವುದು ಕಣ್ಣಿಗೆ ದೂರದಲ್ಲಿ. ಅದನ್ನು ನಿಜವಾಗಿ ಕಾಣುವವನು ಪಕ್ಕದ ಸಣ್ಣ ದೋಣಿಯವನೊಬ್ಬನೇ. ಅವನ ಕೈಯಲ್ಲಿ ಯಾವ ಅಧಿಕಾರವೂ ಇಲ್ಲ. ಅಧಿಕಾರವಿರುವ ಇಲಾಖೆಯ ಕೈಯಲ್ಲಿ ಇಡೀ ಕರಾವಳಿಯನ್ನು ರಾತ್ರಿ ಕಾಯುವಷ್ಟು ದೋಣಿಗಳೂ ಇಲ್ಲ, ಜನರೂ ಇಲ್ಲ.

ಮರಿಮೀನಿನ ಪ್ರಶ್ನೆಯೂ ಇದೇ ಬಗೆಯದು. ಕೇರಳ 2015ರಲ್ಲಿ ಕೆಲವು ಜಾತಿಯ ಮೀನುಗಳಿಗೆ ಕನಿಷ್ಠ ಅಳತೆಯನ್ನು ಗೊತ್ತುಮಾಡಿತು: ಬೂತಾಯಿಗೆ 10 ಸೆಂಟಿಮೀಟರು, ಬಂಗುಡೆಗೆ 14. ಅಳತೆಗಳೇನೋ ವಿವೇಕಯುತವಾದುವೇ. ಆದರೆ ಬೋಟಿನ ತಳದಲ್ಲಿ ರಾಶಿಯಾಗಿ ಬಿದ್ದಿರುವ, ಹೆಸರೂ ಬೆಲೆಯೂ ಇಲ್ಲದ ಮರಿಗಳನ್ನು ಕೊಳ್ಳಲು ಮೀನಿನ ಹಿಟ್ಟಿನ ಕಾರ್ಖಾನೆಗಳು ಬಂದರುಗಳ ಬಳಿಯೇ ಸಿದ್ಧವಾಗಿರುವಾಗ ಅಳತೆಪಟ್ಟಿಯನ್ನು ಹಿಡಿದು ನಿಲ್ಲುವವರು ಯಾರು? ಮುಂದಿನ ವರ್ಷ ಹಿಡಿಯಬೇಕಾದ ಬಂಗುಡೆ ಈ ವರ್ಷ ಕೋಳಿಯ ಆಹಾರವಾಗುತ್ತಿದೆ. ಈ ಪಾಪದಲ್ಲಿ ನಾಡದೋಣಿಯವರೂ ಪೂರ್ತಿ ನಿರ್ದೋಷಿಗಳಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಬೇಕು. ಸಣ್ಣ ಕಣ್ಣಿನ ಬಲೆ ಇಂದು ಅವರಲ್ಲಿಯೂ ಉಂಟು.

ಕಡಲನ್ನು ಬಿಟ್ಟು ಸ್ವಲ್ಪ ಒಳಕ್ಕೆ, ಅಳಿವೆಯ ಕಡೆಗೆ ತಿರುಗಿದರೆ ಇದೇ ಕತೆಯ ಇನ್ನೊಂದು ಅಧ್ಯಾಯ ಕಾಣಸಿಗುತ್ತದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ. ಯಶವಂತ ಚಿತ್ತಾಲರ ಹನೇಹಳ್ಳಿಯನ್ನು ಓದಿದವರಿಗೆ ಆ ಸೀಮೆ ಅಪರಿಚಿತವಲ್ಲ. ಇಲ್ಲಿನ ಉಪ್ಪುನೀರಿನ ಬಯಲುಗಳಿಗೆ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಎಂಬ, ಉಪ್ಪನ್ನು ಸಹಿಸುವ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಭರತದ ನೀರು ಒಳಗೆ ಬಂದು, ಅದೇ ಗದ್ದೆ ಸಿಗಡಿ ಮೀನುಗಳ ತೊಟ್ಟಿಲಾಗುತ್ತದೆ. ಗದ್ದೆಗೂ ಹೊಳೆಗೂ ನಡುವಿನ ಮಣ್ಣಿನ ಕಟ್ಟೆಯನ್ನು ಪ್ರತಿವರ್ಷವೂ ರೈತರು ಕೂಡಿಯೇ ದುರಸ್ತಿ ಮಾಡಬೇಕು. ಒಬ್ಬನ ಗದ್ದೆಯ ಅಂಚಿನಲ್ಲಿ ಕಟ್ಟೆ ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಆದ್ದರಿಂದ ಅಲ್ಲಿ ಸಹಕಾರ ಉಪದೇಶದ ವಿಷಯವಾಗಿರದೆ ಅನ್ನದ ವಿಷಯವಾಗಿತ್ತು. ಮುಂದೆ ಕಲ್ಲಿನ ಕಾಯಂ ಕಟ್ಟೆಗಳು ಬಂದುವು, ಒಳ್ಳೆಯ ಉದ್ದೇಶದಿಂದಲೇ. ಕಟ್ಟೆ ಸರಕಾರದ್ದೆಂದಾದ ಮೇಲೆ ಅದನ್ನು ನೋಡಿಕೊಳ್ಳುವುದೂ ಸರಕಾರದ ಕೆಲಸವೆಂಬ ಭಾವನೆ ಬೇರೂರಿತು. ಸಿಗಡಿಯ ಬೆಲೆ ಏರಿದಂತೆ ಭತ್ತಕ್ಕಿಂತ ಸಿಗಡಿಯ ಗುತ್ತಿಗೆಯೇ ಲಾಭವೆನಿಸಿತು. ಕಗ್ಗ ಬೆಳೆಯುವ ಗದ್ದೆಗಳು ಬಹಳ ಕಡಮೆಯಾದುವು.

ಅದೇ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಹೆಕ್ಕುವವರಿದ್ದಾರೆ. ಅವರಲ್ಲಿ ಹೆಂಗಸರೇ ಬಹಳ. ದೋಣಿ ಬೇಡ, ಬಂಡವಾಳ ಬೇಡ; ಬಡವರ ಮನೆಯ ಊಟಕ್ಕೂ ಸಂತೆಯ ಕಾಸಿಗೂ ಆಗುವ ಸಂಪತ್ತು. ಮರಿ ಬಳಚನ್ನು ನೀರಿಗೇ ಬಿಟ್ಟರೆ ಮುಂದಿನ ಸಲ ಸಿಗುತ್ತದೆ. ಕೆಸರಿನೊಡನೆ ಎಲ್ಲವನ್ನೂ ಬಾಚಿದರೆ ಇಲ್ಲ. ಇದನ್ನು ಅವರಿಗೆ ಕಲಿಸಿಕೊಡಬೇಕಾದದ್ದಿಲ್ಲ. ಆದರೆ ಹೊರಗಿನಿಂದ ಬಂದು ಬಾಚುವವನನ್ನು, ಅಥವಾ ಅಳಿವೆಯ ಮರಳನ್ನೇ ತೋಡಿ ಸಾಗಿಸುವವನನ್ನು, "ನಿಲ್ಲಿಸು" ಎನ್ನುವ ಹಕ್ಕು ಅವರಿಗೆ ಯಾವ ಪತ್ರದಲ್ಲಿ ಬರೆದಿದೆ? 2024ರ ಆರಂಭದಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಜಗತ್ತಿನ ಮಹತ್ತ್ವದ ಜೌಗುನೆಲೆಗಳಲ್ಲಿ ಒಂದೆಂದು ಮಾನ್ಯವಾಯಿತು. ಇದು ಸಂತೋಷದ ಸಂಗತಿ. ಆ ಗೌರವದ ಫಲಕವನ್ನು ನೆಡುವಾಗ ಬಳಚು ಹೆಕ್ಕುವವರನ್ನು ಕೇಳಿ ನೆಟ್ಟರೆ ಸಂತೋಷ ಇಮ್ಮಡಿಯಾದೀತು.

ಮರಳ ದಂಡೆಯ ವಿಷಯದಲ್ಲಿ ಒಂದು ಸಣ್ಣ ಸಮಾಧಾನವಿದೆ. 2024ರ ಮೊದಲ ತಿಂಗಳುಗಳಲ್ಲಿ ಮಂಗಳೂರಿನ ಸಮೀಪದ ಸಸಿಹಿತ್ಲು ಮೊದಲಾದೆಡೆ, ಬಹುಕಾಲದ ಮೇಲೆ, ಕಡಲಾಮೆಗಳು ಬಂದು ಮೊಟ್ಟೆಯಿಟ್ಟುವು. ರಾತ್ರಿ ದಡಕ್ಕೆ ಬರುವ ತಾಯಿ ಮರಳನ್ನು ತೋಡಿ ನೂರರಷ್ಟು ಮೊಟ್ಟೆಗಳನ್ನಿಟ್ಟು ಮುಚ್ಚಿ ಹೊರಟುಹೋಗುತ್ತದೆ. ಮರಿಗಳು ಹೊರಬರಲು ಒಂದೂವರೆ ಎರಡು ತಿಂಗಳು ಬೇಕು. ಅಲ್ಲಿಯವರೆಗೆ ನಾಯಿನರಿಗಳಿಂದ ಗೂಡನ್ನು ಕಾಯಬೇಕು. ಅರಣ್ಯ ಇಲಾಖೆಯವರೂ ಸ್ಥಳದ ಮೀನುಗಾರರೂ ಕೂಡಿ ಕಾದರು. ಕೂರ್ಮಾವತಾರದ ಭಕ್ತಿಯೂ ವನ್ಯಜೀವಿ ಕಾಯಿದೆಯೂ ಇಲ್ಲಿ ಒಂದೇ ದಿಕ್ಕಿಗೆ ಎಳೆದುವು. ರಂಪಣಿಯ ಎರಡು ತುದಿಗಳ ಹಾಗೆ. ಹೊನ್ನಾವರದ ಕಾಸರಕೋಡಿನಲ್ಲಿ ಮಾತ್ರ ಚಿತ್ರ ಬೇರೆ. ಅಲ್ಲಿನ ಒಂದು ಕಡಲತೀರಕ್ಕೆ, ಪಡುಬಿದ್ರಿಯದಕ್ಕೂ, 2020ರಲ್ಲಿ 'ಬ್ಲೂ ಫ್ಲ್ಯಾಗ್' ಎಂಬ ಅಂತರರಾಷ್ಟ್ರೀಯ ಸ್ವಚ್ಛತಾ ಮನ್ನಣೆ ದೊರೆಯಿತು. ಅದೇ ಕಾಸರಕೋಡಿನ ಟೊಂಕದಲ್ಲಿ, ಖಾಸಗಿ ಬಂದರಿನ ಯೋಜನೆಗೆ ಮೀನುಗಾರರು ವರ್ಷಗಟ್ಟಲೆ ವಿರೋಧ ತೋರುತ್ತ ಬಂದಿದ್ದಾರೆ. ಆ ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುತ್ತಾರೆ. ಆ ಮರಳಿನಲ್ಲಿಯೇ ಕಡಲಾಮೆ ಮೊಟ್ಟೆಯಿಡುತ್ತದೆ. ಬಂದರು ಬೇಕೆ ಬೇಡವೆ ಎಂಬುದನ್ನು ತೂಗಿ ನೋಡುವ ಅರ್ಹತೆ ನನಗಿಲ್ಲದಿರಬಹುದು. ಅದನ್ನು ತೂಗುವ ಸಭೆಯಲ್ಲಿ ಮೀನು ಒಣಗಿಸುವವರು ಅರ್ಜಿದಾರರಾಗಿ ಹೊರಗೆ ನಿಲ್ಲದೆ ಸದಸ್ಯರಾಗಿ ಒಳಗೆ ಕುಳಿತಿರಬೇಕೆಂದು ಹೇಳುವುದಕ್ಕೆ ಅರ್ಹತೆಯೇನೂ ಬೇಕಿಲ್ಲ.

ನಮ್ಮ ಸಂವಿಧಾನದಲ್ಲಿ ಇದಕ್ಕೆ ಅಡ್ಡಿಯಿಲ್ಲ. ಮೀನುಗಾರಿಕೆ ರಾಜ್ಯಗಳ ಪಟ್ಟಿಯಲ್ಲಿದೆ; ಪ್ರಾದೇಶಿಕ ಜಲದ ಆಚೆಗಿನದು ಕೇಂದ್ರದ್ದು. ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳನ್ನು ಹೇಳುವ ಹನ್ನೊಂದನೆಯ ಅನುಸೂಚಿಯಲ್ಲಿಯೂ ಮೀನುಗಾರಿಕೆಯ ಹೆಸರಿದೆ. ಆದರೂ ನಮ್ಮ ಕರಾವಳಿಯ ಪಂಚಾಯತಿಯ ದೃಷ್ಟಿ ತೆಂಗಿನ ಸಾಲಿನ ಬಳಿಗೆ ಬಂದು ನಿಂತುಬಿಡುತ್ತದೆ. ಆಚೆಗಿನ ನೀರು ಅದರ ಪಾಲಿಗೆ ಪರದೇಶ. ದಡಕ್ಕೆ ಹತ್ತಿರದ ನೀರಿನ ಮಟ್ಟಿಗಾದರೂ, ಯಾವ ಬಲೆ, ಯಾವ ಕಾಲ, ಎಷ್ಟು ಸಣ್ಣ ಮೀನು ಎಂಬುದನ್ನು ವಿಜ್ಞಾನಿಯ ಸಲಹೆ ಪಡೆದು ಊರಿನ ಸಭೆ ನಿರ್ಧರಿಸಲಿ, ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಆ ನೀರಿನಿಂದ ಉಣ್ಣುವವರೆಲ್ಲ ಅಲ್ಲಿರಲಿ, ಹೆಂಗಸರು ಇರಲೇಬೇಕು. ಸಭೆ ಗೊತ್ತುಮಾಡಿದ್ದನ್ನು ಮುರಿದವನ ಮೇಲೆ ಇಲಾಖೆ ಕ್ರಮ ಕೈಕೊಳ್ಳಲಿ. ಊರಿನ ಸಭೆಗಳೂ ಹಣವಂತರ ವಶವಾಗಲಾರವೆ ಎಂದು ಕೇಳುವವರುಂಟು. ಆಗಬಹುದು, ಅನೇಕ ಕಡೆ ಆಗಿಯೂ ಇದೆ. ಆದರೆ ಊರಿನಲ್ಲಿ ನಡೆದ ಅನ್ಯಾಯ ಮರುದಿನದ ಮೀನುಮಾರುಕಟ್ಟೆಯಲ್ಲಿ ಎಲ್ಲರ ಬಾಯಿಗೆ ಬೀಳುತ್ತದೆ. ರಾಜಧಾನಿಯ ಕಡತದಲ್ಲಿ ನಡೆದದ್ದು ಯಂತ್ರಗಳು ಬಂದು ಮರಳನ್ನು ತೋಡತೊಡಗಿದ ಮೇಲಷ್ಟೇ ತಿಳಿಯುತ್ತದೆ.

ಈ ಪುಟದ ಓದುಗರಾದ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸವೊಂದುಂಟು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯೊಂದಿರಬೇಕು. ಅದು ಊರಿನ ಜನರನ್ನು ಕೇಳಿ, ಅಲ್ಲಿನ ಗಿಡ ಮರ ಮೀನು ಹಕ್ಕಿಗಳನ್ನೂ ಅವುಗಳನ್ನು ಕುರಿತ ತಿಳಿವಳಿಕೆಯನ್ನೂ ದಾಖಲೆ ಮಾಡಬೇಕು. ಕರಾವಳಿಯ ಮೀನಿನ ಹೆಸರುಗಳು ತುಳು, ಕೊಂಕಣಿ, ಕುಂದಾಪುರದ ಕನ್ನಡ, ನವಾಯತಿ, ಬ್ಯಾರಿ ಮಾತುಗಳಲ್ಲಿ ಹಂಚಿಹೋಗಿವೆ. ಉಡುಪಿಯವರ ಬೂತಾಯಿ ಕಾರವಾರಕ್ಕೆ ಹೋದರೆ ತಾರ್ಲಿ. ಕುಮಟೆಯ ಬಳಚು ಮಂಗಳೂರಿಗೆ ಬಂದರೆ ಮರುವಾಯಿ. ಗಾಳಿಗೂ ನೀರಿನ ಸೆಳೆತಕ್ಕೂ ಕಡಲ ತಳದ ಕಲ್ಲುಗಳಿಗೂ ಇರುವ ಹೆಸರುಗಳು ಯಾವ ನಿಘಂಟಿನಲ್ಲಿಯೂ ಪೂರ್ತಿಯಾಗಿ ಸೇರಿಲ್ಲ. ಅವುಗಳನ್ನು ಬಲ್ಲ ಕೊನೆಯ ತಲೆಮಾರು ಈಗ ಮನೆಯ ಜಗಲಿಯಲ್ಲಿ ಕುಳಿತಿದೆ. ಕೇಳಿ ಬರೆದುಕೊಳ್ಳುವುದು ಭಾಷೆಯ ವಿದ್ಯಾರ್ಥಿಗೆ ಹೇಳಿ ಮಾಡಿಸಿದ ಕೆಲಸ.

ಬಂಗುಡೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ರಜೆಯಲ್ಲಿ ಈ ಕೆಲಸವನ್ನೇ ಕೊಟ್ಟಿದ್ದೆ. ಅವನು ತನ್ನ ಅಜ್ಜಿಯನ್ನೂ ಅವಳ ಜೊತೆಗೆ ಬುಟ್ಟಿ ಹೊರುತ್ತಿದ್ದ ನೆರೆಹೊರೆಯ ಇಬ್ಬರನ್ನೂ ಕೇಳಿ, ನೋಟುಪುಸ್ತಕದ ಹಲವು ಪುಟಗಳನ್ನು ತುಂಬಿಸಿ ತಂದಿದ್ದಾನೆ. ಮೀನಿನ ಹೆಸರು, ಬರುವ ತಿಂಗಳು, ಸಿಗುತ್ತಿದ್ದ ಜಾಗ, ಬಾಣಂತಿಗೆ ಕೊಡಬಹುದೇ ಕೂಡದೇ ಎಂಬ ವಿವರಗಳೆಲ್ಲ ಇವೆ. ಕೆಲವು ಹೆಸರುಗಳ ಮುಂದೆ "ಈಗ ಕಾಣುವುದಿಲ್ಲ" ಎಂದು ಬರೆದಿದೆ. ಅದರ ಒಂದು ಪ್ರತಿಯನ್ನು ಅವರ ಪಂಚಾಯತಿಯ ಸಮಿತಿಗೆ ಒಪ್ಪಿಸುವಂತೆ ಹೇಳಿದ್ದೇನೆ. ಸಮಿತಿಯ ಸದಸ್ಯರು ಯಾರೆಂಬುದು ಅವರ ಮನೆಯಲ್ಲಿ ಯಾರಿಗೂ ತಿಳಿಯದಂತೆ. ವಿಚಾರಿಸಿಕೊಂಡು ಬರುತ್ತೇನೆಂದು ಹೋಗಿದ್ದಾನೆ.